ಉತ್ತರಹಳ್ಳಿ ಪದ್ಧತಿ

ಉತ್ತರಹಳ್ಳಿಯ ಅಂಚಿನಲ್ಲಿ, ವಿಳಾಸದಲ್ಲಿ ಮಾತ್ರ ತನ್ನನ್ನು ಜೆ.ಪಿ. ನಗರ ಎಂದು ಕರೆದುಕೊಳ್ಳುವ ಜಾಗದಲ್ಲಿ, ‘ಗೋಲ್ಡನ್ ಹಾರ್ವೆಸ್ಟ್’ ಎಂಬ ಅಪಾರ್ಟ್‌ಮೆಂಟ್ ಇದೆ. ನಾಲ್ಕು ಬ್ಲಾಕು, ತೊಂಬತ್ತಾರು ಮನೆ. ಹೆಸರಿನ ಅರ್ಥ ಬಂಗಾರದ ಸುಗ್ಗಿ ಎಂದು. ಸುಗ್ಗಿ ನಡೆಯುತ್ತಿದ್ದ ಎರಡು ಎಕರೆಯನ್ನು ಅಗೆದು ಕಟ್ಟಿದ ಬಿಲ್ಡರಿಗೆ, ಹೋಗಲಿ, ಬೋರ್ಡಿನಲ್ಲಾದರೂ ಉಳಿಯಲಿ ಅನ್ನಿಸಿರಬೇಕು.

ಆ ಎರಡು ಎಕರೆ ನಾರಾಯಣಮ್ಮನದು. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದವರು ಐವತ್ತಾರು ತುಂಬುವವರೆಗೂ ಅಲ್ಲಿ ಸೊಪ್ಪು ಬೆಳೆದರು. ನಸುಕಿಗೆ ಕಿತ್ತು, ಬಾಳೆನಾರಿನಲ್ಲಿ ಕಟ್ಟು ಕಟ್ಟಿ, ಮೊದಲ ಬಸ್ಸಿಗೆ ಬುಟ್ಟಿ ಹತ್ತಿಸಿ, ಜಯನಗರದ ಮನೆಮನೆಗೆ ಮಾರಿ, ಹತ್ತು ಗಂಟೆಗೆಲ್ಲ ವಾಪಸ್ಸು ಬಂದು ಮುಂದಿನ ಪಾತಿಗೆ ಕೈ ಹಾಕುತ್ತಿದ್ದರು. ಗಂಡ ರಾಮಯ್ಯ ತೀರಿಕೊಂಡ ಮೇಲೆ ಮಗ ದಿನೇಶ್ ಬಿಲ್ಡರ್ ಜೊತೆ ಒಪ್ಪಂದ ಮಾಡಿಕೊಂಡ. ಜಮೀನು ಹೋಯಿತು, ಡಿ ಬ್ಲಾಕಿನಲ್ಲಿ ಎಂಟು ಫ್ಲ್ಯಾಟು ಬಂದವು. ಏಳರಲ್ಲಿ ಬಾಡಿಗೆಯವರು, ಒಂದರಲ್ಲಿ ಇವರು.

ಈಗ ನಾರಾಯಣಮ್ಮನಿಗೆ ಅರವತ್ತೆಂಟು. ಯಾವ ಕೊರತೆಯೂ ಇಲ್ಲ, ಒಂದು ಬಿಟ್ಟರೆ. ಡಿ ಬ್ಲಾಕಿನ ಹಿಂದೆ, ಕಾಂಪೌಂಡಿನ ಗೋಡೆಯ ಪಕ್ಕ, ಇಪ್ಪತ್ತಡಿ ಅಗಲದ ಉದ್ದನೆಯ ಮಣ್ಣಿನ ಪಟ್ಟಿಯೊಂದು ಕಾಂಕ್ರೀಟಿನ ಕಣ್ಣಿಗೆ ಬೀಳದೆ ಉಳಿದುಕೊಂಡಿತ್ತು. ಬಿಲ್ಡರನ ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣ ಬಳಿದಿದ್ದರು. ನಿಜದಲ್ಲಿ ಅಲ್ಲಿದ್ದದ್ದು ಮುರಿದ ಸೈಕಲ್ಲು, ಒಡೆದ ಟೈಲ್ಸು, ಯಾರದೋ ಹಳೆಯ ಸೋಫಾ. ನಾರಾಯಣಮ್ಮ ದಿನಾ ಬೆಳಗ್ಗೆ ಮೂರನೇ ಮಹಡಿಯ ಬಾಲ್ಕನಿಯಿಂದ ಆ ಸೋಫಾದ ಸುತ್ತಲಿನ ಕೆಂಪು ಮಣ್ಣನ್ನು ನೋಡುತ್ತಿದ್ದರು. ಅದು ಅವರ ಬಾವಿಯ ಪಕ್ಕದ ಮಣ್ಣು. ಅವರಿಗೆ ಅದರ ಗುರುತು ಹತ್ತುತ್ತಿತ್ತು.

ಹೀಗೆ ಹೇಳಿದರೆ ಸಾಧು ಹೆಂಗಸು ಎಂದು ನೀವು ತಿಳಿಯಬಹುದು. ಹಾಗೇನಿಲ್ಲ. ಕೊತ್ತಂಬರಿ ಸೊಪ್ಪನ್ನು ಮೂಸಿ ನೋಡಿ ಅದು ಬಾವಿ ನೀರಿನದೋ ಕೆರೆ ನೀರಿನದೋ ಹೇಳಬಲ್ಲೆ ಎನ್ನುವುದು ಅವರ ವಾದ. ಈ ವಾದವನ್ನು ಪರೀಕ್ಷಿಸುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ ಅದು ಐವತ್ತು ವರ್ಷದಿಂದ ಸತ್ಯವಾಗಿಯೇ ಉಳಿದಿತ್ತು.

ಈ ವರ್ಷ ಸಂಕ್ರಾಂತಿ ಕಳೆದ ಭಾನುವಾರ ಅಸೋಸಿಯೇಷನ್ನಿನ ಸಭೆ ಸೇರಿತು. ಆ ಪಟ್ಟಿಯನ್ನು ಸಮ ಮಾಡಿ, ಟೆನಿಸ್ಸಿನ ಚಿಕ್ಕ ತಮ್ಮನಂಥ ಆಟವಾದ ಪಿಕಲ್‌ಬಾಲ್ ಕೋರ್ಟ್ ಹಾಕಿಸಬೇಕೆಂದು ಅರ್ಧ ಜನ ಕೇಳಿದರು. ತರಕಾರಿ ತೋಟ ಮಾಡೋಣವೆಂದು ಇನ್ನರ್ಧ ಜನ ಹೇಳಿದರು. ತೋಟದವರ ಮುಂದಾಳು ಅಸೋಸಿಯೇಷನ್ನಿನ ಕಾರ್ಯದರ್ಶಿ, ಎ ಬ್ಲಾಕಿನ ಪರಮಶಿವಯ್ಯನವರು.

ಪರಮಶಿವಯ್ಯನವರು ಒಂದು ನಿಗಮದಲ್ಲಿ ಉಪ ಪ್ರಧಾನ ವ್ಯವಸ್ಥಾಪಕರಾಗಿದ್ದವರು. ಅವರ ಮನೆಯ ನಾಮಫಲಕದಲ್ಲಿ ಹುದ್ದೆಯ ಹೆಸರು ಎರಡು ಇಂಚು ಎತ್ತರವಿದ್ದರೆ ‘ನಿವೃತ್ತ’ ಎನ್ನುವುದು ಇರುವೆಯ ಸಾಲಿನಷ್ಟಿತ್ತು. ಹಿಂದಿನ ವರ್ಷ ಹನ್ನೊಂದು ದಿನದಲ್ಲಿ ಏಳು ದೇಶ ತೋರಿಸುವ ಪ್ರವಾಸಕ್ಕೆ ಹೆಂಡತಿ ಸರ್ವಮಂಗಳಾ ಜೊತೆ ಹೋಗಿ ಬಂದಿದ್ದರು. ಅಂದಿನಿಂದ ಅವರ ಮಾತುಗಳೆಲ್ಲ ‘ನಾನು ಹಾಲೆಂಡಿನಲ್ಲಿದ್ದಾಗ’ ಎಂದು ಶುರುವಾಗುತ್ತಿದ್ದವು. ಹಾಲೆಂಡಿನಲ್ಲಿ ಅವರು ಇದ್ದದ್ದು ಒಂದು ಮಧ್ಯಾಹ್ನ.

ಸಭೆಯಲ್ಲಿ ಅವರು ‘ವಿಶ್ವ ತರಕಾರಿ ದರ್ಶನ’ ಎಂಬ ಸ್ಲೈಡ್ ಶೋ ಇಟ್ಟರು. ಪರದೆಯ ಮೇಲೆ ಊರಗಲ ಹಬ್ಬಿದ ಗಾಜಿನ ಮನೆಗಳು ಬಂದವು.

“ಹಾಲೆಂಡ್,” ಅಂದರು ಪರಮಶಿವಯ್ಯ. “ತರಕಾರಿ ಪೂರ್ತಿ ಗಾಜಿನೊಳಗೆ. ನಾನು ಕಣ್ಣಾರೆ ನೋಡಿದ್ದೀನಿ.”

“ನೋಡಿದ್ದು ನಾನು,” ಅಂದರು ಮೊದಲ ಸಾಲಿನಲ್ಲಿದ್ದ ಸರ್ವಮಂಗಳಾ, ಪಕ್ಕದವರಿಗೆ ಹೇಳುವಂತೆ, ಆದರೆ ಎಲ್ಲರಿಗೂ ಕೇಳುವಂತೆ. “ಇವರು ಬಸ್ಸಲ್ಲಿ ನಿದ್ದೆ ಮಾಡ್ತಿದ್ರು.”

ಪರಮಶಿವಯ್ಯ ಮುಂದಿನ ಸ್ಲೈಡಿಗೆ ಹೋದರು. ಸ್ಪೇನಿನಲ್ಲಿ ಬೆಟ್ಟದ ಬುಡದಿಂದ ಸಮುದ್ರದವರೆಗೆ ಪ್ಲಾಸ್ಟಿಕ್ ಚಪ್ಪರ. ಇಸ್ರೇಲಿನಲ್ಲಿ ಗಿಡದ ಬುಡಕ್ಕೆ ಹನಿಹನಿಯಾಗಿ ನೀರು ಬಿಡುವ ಕಪ್ಪು ಪೈಪು. ಬರ್ಮಾದಲ್ಲಿ ಸರೋವರದ ಮೇಲೆ ತೇಲುವ ಟೊಮೇಟೊ ತೋಟ, ರೈತರು ದೋಣಿಯಲ್ಲಿ ಕೂತು ಕೀಳುತ್ತಿದ್ದಾರೆ. ಮತ್ತೊಂದು ಹಳೆಯ ಚಿತ್ರದಲ್ಲಿ ಪ್ಯಾರಿಸ್ಸಿನ ತೋಟಗಾರರು. ನೂರೈವತ್ತು ವರ್ಷದ ಹಿಂದೆ ಅವರು ಕುದುರೆ ಲದ್ದಿಯನ್ನು ಗುಡ್ಡೆ ಹಾಕಿ, ಅದರ ಕಾವಿನ ಮೇಲೆ ಮಣ್ಣು ಹರಡಿ, ಕೊರೆಯುವ ಚಳಿಯಲ್ಲೂ ಸೊಪ್ಪು ಬೆಳೆಯುತ್ತಿದ್ದರಂತೆ.

ಕೊನೆಯ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದ ನಾರಾಯಣಮ್ಮ ಅಷ್ಟು ಹೊತ್ತಿಗೆ ಮೊದಲ ಸಲ ತಲೆದೂಗಿದರು.

“ಲದ್ದಿಯೋರು ಬುದ್ಧಿವಂತರು,” ಅಂದರು. ಆಮೇಲೆ ಕೇಳಿದರು, “ಅದ್ಸರಿ ಪರಮಶಿವಯ್ಯನೋರೇ, ಆ ಹಾಲೆಂಡೋರು ಗಾಜಿನ ಮನೆ ಯಾಕೆ ಕಟ್ಕೊಂಡ್ರು?”

“ಟೆಕ್ನಾಲಜಿ ಅಮ್ಮ. ಅಡ್ವಾನ್ಸ್ಡ್ ದೇಶ.”

“ಅದಿರ್ಲಿ. ಬಿಸಿಲು ಎಷ್ಟು ಬೀಳುತ್ತೆ ಅಲ್ಲಿ?”

ಪರಮಶಿವಯ್ಯ ಯೋಚಿಸಿದರು. ಅವರಿಗೆ ನೆನಪಿದ್ದದ್ದು ಹನ್ನೊಂದು ದಿನವೂ ಮಂಕಿ ಕ್ಯಾಪು ತೆಗೆಯದೆ ಇದ್ದದ್ದು. “ಬಿಸಿಲು... ಕಮ್ಮಿ.”

“ಪೈಪಿನೋರಿಗೆ?”

“ಅಲ್ಲಿ ನೀರಿಲ್ಲ.”

“ದೋಣಿಯೋರಿಗೆ ನೆಲ ಇಲ್ಲ. ಲದ್ದಿಯೋರಿಗೆ ಸೆಕೆ ಇಲ್ಲ,” ಅಂದು ನಾರಾಯಣಮ್ಮ ತಾವೇ ಮುಗಿಸಿದರು. “ಪಾಪ, ಎಲ್ರೂ ಸಂಸಾರಸ್ಥರೇ. ಮನೇಲಿ ಏನಿಲ್ವೋ ಅದಕ್ಕೆ ತಕ್ಕ ಹಾಗೆ ಅಡುಗೆ ಮಾಡ್ಕೊಂಡವ್ರೆ.”

ಸಭೆ ನಕ್ಕಿತು. ಪರಮಶಿವಯ್ಯನವರೂ ನಕ್ಕರು, ಹಿರಿಯರು ಮಕ್ಕಳ ಮಾತಿಗೆ ನಗುವಂತೆ.

ಕೊನೆಗೆ ಎರಡೂ ಕಡೆಯವರು ಒಂದು ಪಂದ್ಯಕ್ಕೆ ಒಪ್ಪಿದರು. ಪಟ್ಟಿಯಲ್ಲಿ ಬ್ಲಾಕಿಗೆ ಮೂವತ್ತಡಿಯಂತೆ ನಾಲ್ಕು ತುಂಡು. ಒಬ್ಬೊಬ್ಬರು ಒಂದೊಂದು ದೇಶದ ಪದ್ಧತಿಯಲ್ಲಿ ಬೆಳೆಯಬೇಕು. ಮಾರ್ಚ್ ಒಂದನೇ ತಾರೀಕು, ಭಾನುವಾರ, ತೀರ್ಪು. ಆ ದಿನ ಯಾವ ಬ್ಲಾಕು ತನ್ನ ತುಂಡಿನಿಂದ ತೊಂಬತ್ತಾರು ಮನೆಗೂ ತಿನ್ನಲು ಯೋಗ್ಯವಾದ ಒಂದೊಂದು ಕಟ್ಟು ತರಕಾರಿ ಕೊಡುತ್ತದೋ, ಅದಕ್ಕೆ ಇಡೀ ಪಟ್ಟಿ ಮೂರು ವರ್ಷ. ಯಾರಿಂದಲೂ ಆಗದಿದ್ದರೆ ಪಿಕಲ್‌ಬಾಲ್. ತೀರ್ಪುಗಾರರಾಗಿ ಬನಶಂಕರಿಯ ಕೊಟ್ರಪ್ಪ ಎಂಬ ನಿವೃತ್ತ ತೋಟಗಾರಿಕೆ ಅಧಿಕಾರಿ.

ಪರಮಶಿವಯ್ಯ ಬರೆದುಕೊಂಡರು. ಎ ಬ್ಲಾಕು ಅವರದೇ ಹಾಲೆಂಡ್. ಬಿ ಬ್ಲಾಕಿನ ಮಹಾಂತೇಶ್ ಇಸ್ರೇಲ್. ಸಿ ಬ್ಲಾಕಿನ ಶ್ರೀದೇವಿ ಬರ್ಮಾ.

“ಡಿ ಬ್ಲಾಕ್? ನಿಮ್ಮದು ಯಾವ ದೇಶ ಅಮ್ಮ?”

“ನಮ್ದು ಉತ್ತರಹಳ್ಳಿ,” ಅಂದರು ನಾರಾಯಣಮ್ಮ.

ಮತ್ತೆ ನಗು. ಅದರಲ್ಲಿ ದಿನೇಶನ ನಗು ಇರಲಿಲ್ಲ. ಅವನು ಮೊಬೈಲಿನಲ್ಲಿ ಮುಖ ಹುದುಗಿಸಿದ್ದ. ಅವನಿಗೆ ಕನಕಪುರ ರಸ್ತೆಯಲ್ಲಿ ಟೈಲ್ಸ್ ಅಂಗಡಿಯಿತ್ತು, ಬಿಳಿ ಶರಟಿತ್ತು, ‘ಓನರ್’ ಎಂಬ ಹೆಸರಿತ್ತು. ಲಿಫ್ಟಿನಲ್ಲಿ ಮೇಲೆ ಹೋಗುವಾಗ ಹೇಳಿದ:

“ಅಮ್ಮ, ನಾವು ಇಲ್ಲಿ ಓನರ್ಸು. ಬಾಡಿಗೆಯೋರ ಮುಂದೆ ನೀನು ಗೊಬ್ಬರ ಹೊತ್ಕೊಂಡು ಓಡಾಡಿದ್ರೆ ಹೆಂಗಿರುತ್ತೆ ಹೇಳು.”

“ಗೊಬ್ಬರದಲ್ಲೇ ನೀನು ಓದಿದ್ದು,” ಅಂದರು ನಾರಾಯಣಮ್ಮ. ಲಿಫ್ಟಿನ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡು ಅಂದರು, “ದಿನೇಶ, ಆ ಮಣ್ಣಿನ ಮೇಲೆ ಸಿಮೆಂಟ್ ಬಿದ್ರೆ ನಾನು ಬಾಲ್ಕನೀಲಿ ನಿಂತು ಏನು ನೋಡ್ಲಿ?”

ಮೂರನೇ ಮಹಡಿ ಬಂತು. ದಿನೇಶ್ ಮೊಬೈಲು ಜೇಬಿಗಿಟ್ಟು ಬಾಗಿಲು ಹಿಡಿದ.

ಮರುದಿನವೇ ಸೋಫಾ ಹೋಯಿತು. ಬೇಗೂರಿನ ಕಡೆ ಇನ್ನೂ ಹಸು ಕಟ್ಟಿದ್ದವರೊಬ್ಬರಿಂದ ನಾರಾಯಣಮ್ಮ ಕೊಟ್ಟಿಗೆ ಗೊಬ್ಬರ ತರಿಸಿದರು. ಮಣ್ಣನ್ನು ಕೈಯಲ್ಲೇ ಜರಡಿ ಹಿಡಿದು ಟೈಲ್ಸಿನ ಚೂರು ಆರಿಸಿದರು. ಚೂರುಗಳಲ್ಲಿ ಕೆಲವು ಮಗನ ಅಂಗಡಿಯವೇ ಎಂದು ಅವರಿಗೆ ಗುಮಾನಿಯಿತ್ತು, ಹೇಳಲಿಲ್ಲ. ತಮ್ಮ ತುಂಡನ್ನು ಎಂಟು ಪಾತಿ ಮಾಡಿದರು. ಮೊದಲ ಪಾತಿಗೆ ಮೆಂತ್ಯ ಮತ್ತು ದಂಟಿನ ಬೀಜವನ್ನು ಮರಳಿನಲ್ಲಿ ಬೆರೆಸಿ, ಮಣಿಕಟ್ಟು ಆಡಿಸಿ ಚೆಲ್ಲಿದರು. ಆಮೇಲೆ ಕೈ ತೊಳೆದುಕೊಂಡು ಮೇಲೆ ಹೋಗಿಬಿಟ್ಟರು.

ಎರಡನೇ ಪಾತಿಗೆ ಬೀಜ ಬಿದ್ದದ್ದು ನಾಲ್ಕು ದಿನ ಬಿಟ್ಟು. ಮೂರನೆಯದಕ್ಕೆ ಮತ್ತೆ ನಾಲ್ಕು ದಿನ.

ಡಿ ಬ್ಲಾಕಿನವರಿಗೆ ಆತಂಕವಾಯಿತು. ಎ ಬ್ಲಾಕಿನಲ್ಲಿ ಪಾರದರ್ಶಕ ಶೀಟಿನ ಮನೆಯೇ ಎದ್ದು ನಿಂತು ಅದರೊಳಗೆ ಸಲಾಡಿಗೆ ಹಾಕುವ ಲೆಟ್ಯೂಸು ಸಾಲುಸಾಲಾಗಿ ಚಿಗುರಿತ್ತು. ಬಿ ಬ್ಲಾಕಿನಲ್ಲಿ ಮಹಾಂತೇಶ್ ಕಪ್ಪು ಪೈಪು ಎಳೆದು, ಟೈಮರ್ ಇಟ್ಟು, ಮೂವತ್ತಡಿಯ ಉದ್ದಕ್ಕೂ ಒಂದೇ ದಿನ ಮೂಲಂಗಿ ಊರಿದ್ದರು. ಇವರದು ಮಾತ್ರ ಒಂದು ಕಡೆ ಗೇಣುದ್ದ, ಒಂದು ಕಡೆ ಬೆರಳುದ್ದ, ಇನ್ನೊಂದು ಕಡೆ ಬರೀ ಮಣ್ಣು. ಕ್ಷೌರದಂಗಡಿಯಲ್ಲಿ ಕರೆಂಟು ಹೋಗಿ ಅರ್ಧಕ್ಕೆ ಎದ್ದು ಬಂದವನ ತಲೆಯ ಹಾಗೆ.

“ಎಲ್ಲಾ ಒಂದೇ ದಿನ ಹಾಕಿದ್ರೆ ಮಾರ್ಚ್ ಒಂದಕ್ಕೆ ತುಂಬಿ ತುಳುಕ್ತಿತ್ತಲ್ಲಮ್ಮ,” ಅಂದ ದಿನೇಶ್. “ಕಾಂಪಿಟಿಷನ್ ಇರೋದು ಒಂದೇ ದಿನ. ನೀನು ಎಂಟನೇ ಒಂದು ಭಾಗ ತೋರಿಸ್ತೀನಿ ಅಂದ್ರೆ ಹೆಂಗೆ?”

“ನನ್ನ ಜೀವಮಾನದಲ್ಲೇ ಹೊಲ ಪೂರ್ತಿ ಒಂದೇ ದಿನ ಬಿತ್ತಿಲ್ಲ. ಈಗ ಪರಮಶಿವಯ್ಯನೋರಿಗೋಸ್ಕರ ಬಿತ್ಲಾ?”

ಬಾಯಲ್ಲಿ ಹಾಗಂದರೂ ಒಳಗೆ ಅವರಿಗೂ ಅಳುಕಿತ್ತು. ಒಂದು ಪಾತಿಗೆ ನೂರು ಕಟ್ಟು ಬರುತ್ತದೆಂದು ಅವರ ಕೈ ಹೇಳುತ್ತಿತ್ತು. ಕೈ ಹನ್ನೆರಡು ವರ್ಷ ಸುಮ್ಮನೆ ಕೂತಿತ್ತು. ನೂರು ಬರದೆ ತೊಂಬತ್ತೇ ಬಂದರೆ ಆರು ಮನೆಗೆ ಸೊಪ್ಪಿಲ್ಲ, ಆರು ಮನೆಯಿಂದಾಗಿ ಮಣ್ಣೂ ಇಲ್ಲ.

ಅವರ ಪರ ವಹಿಸಿದವರು ಒಬ್ಬರೇ, ಎರಡನೇ ಮಹಡಿಯ ಬಾಡಿಗೆದಾರ ಗಂಗಾಧರಯ್ಯ. ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಟೈಂ ಕೀಪರ್ ಆಗಿದ್ದವರು. ಪಾತಿಗಳ ಮುಂದೆ ಕೈ ಹಿಂದೆ ಕಟ್ಟಿ ನಿಂತು, ಒಂದು ವಾರ ನೋಡಿ, ಎಂಟನೇ ದಿನ ದಿನೇಶನಿಗೆ ಹೇಳಿದರು:

“ಸಾರ್, ನಿಮ್ಮ ತಾಯಿ ಮಾಡ್ತಿರೋದು ಷೆಡ್ಯೂಲು. ನಾವೂ ಇದನ್ನೇ ಮಾಡೋಕೆ ಹೋಗಿ ಮೂವತ್ತು ವರ್ಷ ಆಗ್ಲಿಲ್ಲ. ಎಂಟು ಬಸ್ಸು ಒಟ್ಟಿಗೆ ಬಿಟ್ರೆ ಆ ಗಳಿಗೇಲಿ ಸ್ಟಾಂಡು ತುಂಬಿರುತ್ತೆ, ನೋಡೋಕೆ ಚೆಂದ. ಹತ್ತು ನಿಮಿಷ ಲೇಟಾಗಿ ಬಂದೋನು ಏನು ಮಾಡ್ಬೇಕು?”

“ಕಾಂಪಿಟಿಷನ್ನಿಗೆ ಯಾರೂ ಲೇಟಾಗಿ ಬರಲ್ಲ ಗಂಗಾಧರಯ್ಯನೋರೇ.”

“ಬೆಂಗಳೂರಲ್ಲಿ ಇದೇ ಮಾತು ಹೇಳ್ಬೇಡಿ ಸಾರ್.”

ಫೆಬ್ರವರಿಯಲ್ಲಿ ಮೊದಲು ಬಿದ್ದದ್ದು ಬರ್ಮಾ. ಶ್ರೀದೇವಿ ಟಾರ್ಪಾಲಿನ ತೊಟ್ಟಿಯಲ್ಲಿ ನೀರು ತುಂಬಿ, ಥರ್ಮೋಕೋಲಿನ ಹಲಗೆಗಳ ಮೇಲೆ ಟೊಮೇಟೊ ಸಸಿ ತೇಲಿಬಿಟ್ಟಿದ್ದರು. ಸೊಳ್ಳೆ ತಪಾಸಣೆಗೆಂದು ಬಂದ ಹೆಣ್ಣುಮಗಳು ಟಾರ್ಚು ಹಾಕಿ ಬಗ್ಗಿ ನೋಡಿ, “ಮೇಡಂ, ಟೊಮೇಟೊ ಬರುತ್ತೋ ಇಲ್ವೋ ಗೊತ್ತಿಲ್ಲ, ಮರಿ ಮಾತ್ರ ಸಖತ್ತಾಗಿ ಬಂದಿದೆ” ಅಂದಳು. ಆ ಸಂಜೆಯೇ ಸರೋವರ ಖಾಲಿಯಾಯಿತು.

ಹಾಲೆಂಡ್ ಮತ್ತು ಇಸ್ರೇಲ್ ಮಾತ್ರ ಜೋರಾಗಿದ್ದವು. ಇದನ್ನು ಒಪ್ಪಲೇಬೇಕು. ಫೆಬ್ರವರಿ ಕೊನೆಯ ವಾರ ಪರಮಶಿವಯ್ಯನವರ ಲೆಟ್ಯೂಸು ಹಸಿರು ಗುಲಾಬಿಯಂತೆ ಅರಳಿ ನಿಂತಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು. ಮಹಾಂತೇಶರ ಮೂಲಂಗಿ ಮಣ್ಣಿನಿಂದ ಹೆಗಲು ಹೊರಗಿಟ್ಟು ಇಣುಕುತ್ತಿತ್ತು. ನಾರಾಯಣಮ್ಮ ಒಂದು ಸಂಜೆ ಕಪ್ಪು ಪೈಪಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಒಂದು ಹನಿ ಬಿದ್ದು ಇನ್ನೊಂದು ಹನಿ ಬೀಳುವವರೆಗೆ ನೋಡಿ, “ಚೆನ್ನಾಗಿದೆ ಕಣಪ್ಪ. ನಂಗೂ ಇದ್ದಿದ್ರೆ ಸೊಂಟ ಉಳೀತಿತ್ತು” ಅಂದರು. ಮಹಾಂತೇಶರಿಗೆ ಸಂತೋಷವಾಗಿ, “ನೀವ ಅಂದ್ರ ಸರ್ಟಿಫಿಕೇಟ್ ಸಿಕ್ಕಂಗ ಬಿಡ್ರಿ” ಅಂದರು.

ಮಾರ್ಚ್ ಒಂದನೇ ತಾರೀಕು ತೀರ್ಪಾಗಿದ್ದರೆ ಮೂರು ಬ್ಲಾಕುಗಳೂ ಗೆದ್ದು, ಪಟ್ಟಿಯನ್ನು ಯಾರಿಗೆ ಕೊಡುವುದೆಂದು ಹೊಸ ಜಗಳ ಶುರುವಾಗುತ್ತಿತ್ತು. ಹಾಗಾಗಲಿಲ್ಲ. ಶುಕ್ರವಾರ ಬೆಳಗ್ಗೆ ಪರಮಶಿವಯ್ಯನವರು ಗಾಜಿನ ಮನೆಯ ಮುಂದೆ ನಿಂತು, ಇಷ್ಟು ಚೆಂದದ ಲೆಟ್ಯೂಸನ್ನು ಬರೀ ಕೊಟ್ರಪ್ಪ ನೋಡಿ ಹೋದರೆ ಏನು ಬಂತು ಎಂದು ಯೋಚಿಸಿದರು. ಒಂದು ಶಾಮಿಯಾನ ಬೇಡವೇ? ವೇದಿಕೆ, ಮೈಕು, ಹಾರ, ಶಾಲು, ಒಬ್ಬ ಮುಖ್ಯ ಅತಿಥಿ?

ಅವರಿಗೆ ಪರಿಚಯದ ಒಬ್ಬ ನಿವೃತ್ತ ಕುಲಪತಿಗಳಿದ್ದರು. ಫೋನು ಮಾಡಿದರೆ ಬಿಡುವಿರುವುದು ಹದಿನೈದನೇ ತಾರೀಕು ಎಂದರು. ಪರಮಶಿವಯ್ಯ ಕಾರ್ಯದರ್ಶಿಯ ಅಧಿಕಾರ ಬಳಸಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿಯೇಬಿಟ್ಟರು: ‘ಮುಖ್ಯ ಅತಿಥಿಗಳ ಅನುಕೂಲಕ್ಕಾಗಿ ತರಕಾರಿ ತೀರ್ಪನ್ನು ಹದಿನಾಲ್ಕು ದಿನ ಮುಂದೂಡಲಾಗಿದೆ.’

ಮಹಾಂತೇಶ್ ಕೆಳಗಿಳಿದು ಬಂದರು. “ಸರ್, ಅತಿಥಿಗಳು ತಡೀತಾರ. ಮೂಲಂಗಿ ತಡೀತದೇನ್ರಿ?”

“ಮಾತಾಡಿದ್ದೀನಿ ಮಹಾಂತೇಶ್. ಬೊಕೆ ಕೂಡ ಹೇಳಿ ಆಯ್ತು,” ಅಂದರು ಪರಮಶಿವಯ್ಯ. ಮೂಲಂಗಿಯ ಜೊತೆ ಮಾತಾಡಿರಲಿಲ್ಲ.

ಮೇಲೆ ಬಾಲ್ಕನಿಯಲ್ಲಿ ದಿನೇಶ್ ಸಂದೇಶ ಓದಿ ಹೇಳಿದ. ನಾರಾಯಣಮ್ಮ ಬತ್ತಿ ಹೊಸೆಯುತ್ತಿದ್ದವರು ತಲೆಯೆತ್ತಿ ಕೇಳಿದರು. “ಹದಿನೈದಕ್ಕಾ? ಹದಿನೈದಕ್ಕೆ ಎಂಟನೇ ಪಾತಿ ಬರುತ್ತೆ.” ಮತ್ತೆ ಬತ್ತಿ ಹೊಸೆಯತೊಡಗಿದರು.

ಆ ಹದಿನಾಲ್ಕು ದಿನ ಬೆಂಗಳೂರಿನ ಮಾರ್ಚು ತನ್ನ ಕೆಲಸ ಮಾಡಿತು. ಮಧ್ಯಾಹ್ನ ಕರೆಂಟು ಹೋದಾಗ ಗಾಜಿನ ಮನೆಯ ಫ್ಯಾನು ನಿಂತು, ಒಳಗೆ ಇಡ್ಲಿ ಬೇಯುವಷ್ಟು ಹಬೆಯಾಯಿತು. ಹಸಿರು ಗುಲಾಬಿಗಳು ಮೊದಲು ಎದ್ದು ನಿಂತವು, ಆಮೇಲೆ ಗೋಪುರದಂತೆ ಬೆಳೆದವು, ಆಮೇಲೆ ತುದಿಯಲ್ಲಿ ಮೊಗ್ಗು ಬಿಟ್ಟವು. ಎತ್ತರ ಹೆಚ್ಚಿದ್ದನ್ನು ಪರಮಶಿವಯ್ಯ ಪ್ರಗತಿಯೆಂದೇ ಭಾವಿಸಿ ಫೋಟೋ ತೆಗೆದರು. ಸರ್ವಮಂಗಳಾ ಒಂದು ಎಲೆ ಕಿತ್ತು ಬಾಯಿಗಿಟ್ಟು, “ಬೇವಿನ ಸೊಪ್ಪಿಗೆ ಗಾಜಿನ ಮನೆ ಯಾಕ್ರೀ ಬೇಕು?” ಅಂದರು.

ನಾರಾಯಣಮ್ಮ ಮಾತ್ರ ಫೆಬ್ರವರಿ ಮಧ್ಯದಿಂದಲೂ ನಾಲ್ಕು ದಿನಕ್ಕೊಂದು ಪಾತಿ ಕೀಳುತ್ತಲೇ ಬಂದರು, ಕಿತ್ತ ಪಾತಿಗೆ ಗೊಬ್ಬರ ಕೊಟ್ಟು ಮತ್ತೆ ಬೀಜ ಚೆಲ್ಲಿದರು. ಕಿತ್ತ ಸೊಪ್ಪನ್ನು ಬಾಗಿಲು ಬಾಗಿಲಿಗೆ ಕೊಟ್ಟರು. ಮೊದಲು ಡಿ ಬ್ಲಾಕಿಗೆ, ಆಮೇಲೆ ಉಳಿದವರಿಗೆ. ಪಿಕಲ್‌ಬಾಲ್ ಪಕ್ಷದ ಮನೆಗಳಲ್ಲೂ ಮೆಂತ್ಯದ ಘಮ ಏಳತೊಡಗಿತು. ದಂಟಿನ ಹುಳಿ ಉಂಡವರು ಕೋರ್ಟಿನ ಅಳತೆಯ ಬಗ್ಗೆ ಮೊದಲಿನಷ್ಟು ಗಟ್ಟಿಯಾಗಿ ಮಾತಾಡಲಿಲ್ಲ.

ಹದಿನೈದನೇ ತಾರೀಕು ಬಂತು. ಬೆಳಗ್ಗೆ ಕೆಳಗಿಳಿದ ನಾರಾಯಣಮ್ಮ ಪಾತಿಯ ಮುಂದೆ ನಿಂತವರು ನಿಂತೇಬಿಟ್ಟರು. ಹಿಂದಿನ ದಿನ ಸಂಜೆ ಶಾಮಿಯಾನದವರು ಬಂದಿದ್ದರು. ವೇದಿಕೆ ಗಾಜಿನ ಮನೆಗೆ ಎದುರಾಗಿ ಇರಬೇಕೆಂದು ಪರಮಶಿವಯ್ಯ ಹೇಳಿದ್ದರು. ಹಾಗೆ ಇರಬೇಕಾದರೆ ಎರಡು ಕಂಬ ಎಂಟನೇ ಪಾತಿಯೊಳಗೆ ಬರಬೇಕಾಗಿತ್ತು. ಬಂದಿದ್ದವು. ಕಂಬದ ಸುತ್ತ ಕಾಲು ಭಾಗ ಸೊಪ್ಪು ತುಳಿತಕ್ಕೆ ಸಿಕ್ಕಿ ನೆಲಕ್ಕಂಟಿತ್ತು.

ಪರಮಶಿವಯ್ಯ ಓಡಿ ಬಂದರು. ಅವರ ಮುಖ ನಿಜವಾಗಿಯೂ ಸಣ್ಣಗಾಗಿತ್ತು. “ಅಮ್ಮ, ಅದು ಪಾತಿ ಅಂತ ಅವರಿಗೆ ಗೊತ್ತಾಗ್ಲಿಲ್ಲ. ನಾನು ನೋಡ್ಕೋಬೇಕಿತ್ತು. ಕೊಟ್ರಪ್ಪನೋರಿಗೆ ಹೇಳ್ತೀನಿ, ಸ್ವಲ್ಪ ಕನ್ಸೆಷನ್—”

“ಬೇಡ,” ಅಂದರು ನಾರಾಯಣಮ್ಮ. “ತೊಂಬತ್ತಾರು ಅಂದ್ರೆ ತೊಂಬತ್ತಾರು.”

ಹತ್ತು ಗಂಟೆಗೆ ಬರಬೇಕಾದ ಮುಖ್ಯ ಅತಿಥಿಗಳು ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಹನ್ನೆರಡೂವರೆಗೆ ಬಂದರು. ಮೇಜಿನ ಮೇಲೆ ಬೆಳಗ್ಗೆಯೇ ಅಲಂಕರಿಸಿದ್ದ ಲೆಟ್ಯೂಸು ಅಷ್ಟು ಹೊತ್ತಿಗೆ ಒದ್ದೆ ಕರ್ಚೀಫಿನಂತಾಗಿತ್ತು. ಸ್ವಾಗತ ಭಾಷಣ, ಪರಿಚಯ, ಹಾರ, ಶಾಲು ಎಲ್ಲ ಮುಗಿದ ಮೇಲೆ ಕೊಟ್ರಪ್ಪನವರು ಎದ್ದರು. ಸಣಕಲು ಮನುಷ್ಯ, ಜೇಬಿನಲ್ಲಿ ಒಂದು ಚಾಕು. ಒಂದು ಲೆಟ್ಯೂಸಿನ ಎಲೆ ಬಾಯಿಗಿಟ್ಟರು. ನುಂಗುವುದೋ ಉಗುಳುವುದೋ ಎಂದು ಕುಲಪತಿಗಳ ಕಡೆ ನೋಡಿ ನುಂಗಿದರು. “ಕಹಿ. ತಿನ್ನೋಕಾಗಲ್ಲ.” ಒಂದು ಮೂಲಂಗಿ ಕಿತ್ತು ಅಡ್ಡ ಕೊಯ್ದರು. ಒಳಗೆ ಬೆಂಡು, ಹತ್ತಿಯ ಹಾಗೆ. ಇನ್ನೊಂದು, ಅದೂ ಬೆಂಡು. ಮಹಾಂತೇಶ್ ಆಕಾಶ ನೋಡಿದರು. “ಹದಿನಾಲ್ಕು ದಿನದ ಹಿಂದ ಬರಬೇಕಿತ್ರಿ ನೀವು.”

“ನಾನು ರೆಡಿ ಇದ್ದೆ,” ಅಂದರು ಕೊಟ್ರಪ್ಪ, ಮೆಲ್ಲಗೆ. “ಡಿ ಬ್ಲಾಕಿನೋರ ಸೊಪ್ಪು ಎಲ್ಲಿ? ಮೇಜು ಖಾಲಿ ಇದೆ.”

“ನೆಲದಲ್ಲಿದೆ ಸ್ವಾಮಿ,” ಅಂದರು ನಾರಾಯಣಮ್ಮ. “ಗಿರಾಕಿ ಬರೋ ಮುಂಚೆ ಕಿತ್ತಿಟ್ರೆ ಬಾಡುತ್ತೆ. ಈಗ ಕೀಳ್ತೀನಿ.”

ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕುರುಗಾಲಲ್ಲಿ ಕೂತರು. ಎಡಗೈ ಬೇರಿನ ಹತ್ತಿರ ಹಿಡಿದು ಎಳೆಯುತ್ತಿತ್ತು, ಬಲಗೈ ಮಣ್ಣು ಕೊಡವುತ್ತಿತ್ತು, ಬಾಳೆನಾರು ಸುತ್ತಿ ಹಲ್ಲಿನಿಂದ ತುಂಡರಿಸಿ ಪಕ್ಕಕ್ಕಿಟ್ಟರೆ ಒಂದು ಕಟ್ಟು. ಜನ ಕುರ್ಚಿ ಬಿಟ್ಟೆದ್ದು ಸುತ್ತ ನಿಂತರು. ಗಂಗಾಧರಯ್ಯ ಕೈಗಡಿಯಾರ ನೋಡುತ್ತ ಗಟ್ಟಿಯಾಗಿ ಎಣಿಸತೊಡಗಿದರು. ಇಪ್ಪತ್ತರ ಹತ್ತಿರ ನಾರಾಯಣಮ್ಮನ ಬೆರಳು ತಡವರಿಸಿತು. ಹನ್ನೆರಡು ವರ್ಷದ ಬಿಡುವು, ಉಗುರಿನ ಸಂದಿಯಲ್ಲಿ ನೋವು. ಇಪ್ಪತ್ತೆರಡನೆಯ ಕಟ್ಟಿಗೆ ಎದುರಿನಿಂದ ಇನ್ನೊಂದು ಕೈ ಬಂತು.

ದಿನೇಶ್. ಬಿಳಿ ಶರಟಿನ ತೋಳು ಮೇಲೆ ಮಡಿಸಿ ಮಣ್ಣಿನಲ್ಲಿ ಕೂತಿದ್ದ. ನಾರನ್ನು ಎರಡು ಸುತ್ತು ಸುತ್ತಿ, ಹೆಬ್ಬೆರಳಿಂದ ಒತ್ತಿ, ತುದಿಯನ್ನು ಒಳಗೆ ನುಸುಳಿಸಿದ. ಸೊಪ್ಪು ಕೀಳುವ ದಿನ ಬೆಳಗ್ಗೆ ಸ್ಕೂಲಿಗೆ ಹೋಗುವ ಮೊದಲು ಅವನು ಹಾಕುತ್ತಿದ್ದ ಗಂಟು.

“ನಿನ್ನ ಗಂಟು ಈಗ್ಲೂ ಸಡಿಲ,” ಅಂದರು ನಾರಾಯಣಮ್ಮ.

“ನೀನು ಕೀಳಮ್ಮ, ಮಾತಾಡ್ಬೇಡ.”

ಎಪ್ಪತ್ತೊಂದಕ್ಕೆ ಪಾತಿ ಮುಗಿಯಿತು. ಉಳಿದದ್ದು ಕಂಬ, ತುಳಿದ ಸೊಪ್ಪು. ಎಪ್ಪತ್ತೊಂದು ಎಂದರೆ ಇಪ್ಪತ್ತೈದು ಮನೆ ಕಡಿಮೆ. ಇಪ್ಪತ್ತೈದು ಮನೆ ಕಡಿಮೆಯೆಂದರೆ ಸಿಮೆಂಟು. ಪಿಕಲ್‌ಬಾಲಿನ ಮುಖಂಡನಿಗೂ ಆ ಕ್ಷಣ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಅವನ ಮನೆಯಲ್ಲಿ ಆ ಬೆಳಗ್ಗೆ ಮೆಂತ್ಯದ ಚಪಾತಿಯಾಗಿತ್ತು.

ನಾರಾಯಣಮ್ಮ ಮಂಡಿಗೆ ಕೈಯೂರಿ ಎದ್ದರು. ಬದು ದಾಟಿ ಮೊದಲ ಪಾತಿಗೆ ಹೋದರು. ಒಮ್ಮೆ ಕಿತ್ತು ಮತ್ತೆ ಬಿತ್ತಿದ್ದ ಪಾತಿ ಅದು, ಎಂಟನೆಯದಕ್ಕಿಂತ ನಾಲ್ಕೇ ದಿನ ಎಳೆಯದು. ಗೇಣಿಗೆ ಎರಡು ಬೆರಳು ಕಡಿಮೆ ಎತ್ತರ, ತಿಳಿ ಹಸಿರು.

ಗಂಗಾಧರಯ್ಯ ಕನ್ನಡಕ ಸರಿಪಡಿಸಿಕೊಂಡರು. “ಹಿಂದಿನ ಗಾಡಿ ಬಂತು,” ಅಂದರು. “ಎಪ್ಪತ್ತೆರಡು.”

ಎಂಬತ್ತರಿಂದ ಮುಂದೆ ಗಂಗಾಧರಯ್ಯನ ಜೊತೆ ಬೇರೆಯವರೂ ಎಣಿಸತೊಡಗಿದರು. ತೊಂಬತ್ತಕ್ಕೆ ಇಡೀ ಅಪಾರ್ಟ್‌ಮೆಂಟು ಎಣಿಸುತ್ತಿತ್ತು, ಕುಲಪತಿಗಳೂ ಶಾಲು ಹೊದ್ದುಕೊಂಡೇ ಎಣಿಸುತ್ತಿದ್ದರು. ತೊಂಬತ್ತಾರಕ್ಕೆ ಸಿಳ್ಳೆ ಬಿತ್ತು. ನಾರಾಯಣಮ್ಮ ನಿಲ್ಲಿಸಲಿಲ್ಲ. ಶಾಮಿಯಾನದವರಿಗೆ ನಾಲ್ಕು, ಸೆಕ್ಯೂರಿಟಿಯವರಿಗೆ ಮೂರು, ಕುಲಪತಿಗಳಿಗೆ ಒಂದು. ನೂರಾನಾಲ್ಕಕ್ಕೆ ಕೈ ಕೊಡವಿದರು.

ಕೊಟ್ರಪ್ಪನವರು ಒಂದು ಎಳೆಯ ದಂಟನ್ನು ಮುರಿದು ನೋಡಿದರು, ಚಟ್ಟೆಂದಿತು. ಮೈಕು ಹಿಡಿದು ಕೇಳಿದರು, “ಅಮ್ಮ, ಹಾಲೆಂಡಿಗೆ ಬಿಸಿಲಿಲ್ಲ, ಇಸ್ರೇಲಿಗೆ ನೀರಿಲ್ಲ ಅಂತ ನೀವು ಸಭೇಲಿ ಹೇಳಿದ್ರಂತೆ, ಸರ್ವಮಂಗಳಾ ಮೇಡಂ ಹೇಳಿದ್ರು. ನಾಲ್ಕು ದಿನಕ್ಕೊಂದು ಪಾತಿ ಅನ್ನೋ ಈ ನಿಮ್ಮ ಪದ್ಧತಿ ಯಾಕೆ ಬಂತು? ಇಲ್ಲಿ ಏನಿರಲಿಲ್ಲ?”

ನಾರಾಯಣಮ್ಮ ಮೈಕನ್ನು ಸೌಟು ಹಿಡಿದಂತೆ ಹಿಡಿದರು.

“ಜಯನಗರದೋರ ಮನೇಲಿ ಫ್ರಿಜ್ ಇರ್ಲಿಲ್ಲ ಸ್ವಾಮಿ,” ಅಂದರು. “ಸೊಪ್ಪು ಮಾರೋರು ನಾಲ್ಕು ಮನೆ, ನಾಲ್ಕು ದಿನಕ್ಕೊಂದು ಸಲ ನಮ್ಮ ಸರದಿ. ಇವತ್ತು ನೂರು ಕಟ್ಟು ಬೇಕು, ನಾಲ್ಕು ದಿನ ಬಿಟ್ಟು ಮತ್ತೆ ನೂರು ಬೇಕು. ಒಂದೇ ದಿನ ಎಂಟ್ನೂರು ತಗೊಂಡು ಹೋದ್ರೆ ಏಳ್ನೂರು ಹಸು ತಿನ್ನುತ್ತೆ. ಅದಕ್ಕೆ ಹಿಂಗೆ.”

ಕುಲಪತಿಗಳು ಮುಖ್ಯ ಅತಿಥಿಯ ಭಾಷಣವನ್ನು ಜೇಬಿಗೆ ಹಾಕಿಕೊಂಡು, ಇದಕ್ಕಿಂತ ಹೆಚ್ಚು ಹೇಳುವುದು ತಮಗೇನೂ ಇಲ್ಲವೆಂದರು. ಮೈಸೂರು ಪೇಟವೊಂದು ಅವರಿಗಾಗಿ ತಂದದ್ದಿತ್ತು. ಅವರೇ ಅದನ್ನೆತ್ತಿ ನಾರಾಯಣಮ್ಮನ ತಲೆಗಿಟ್ಟರು. ಸೊಪ್ಪಿನ ಬುಟ್ಟಿ ಹೊತ್ತು ಅಭ್ಯಾಸವಿದ್ದ ತಲೆ; ಪೇಟ ಅಲುಗಾಡದೆ ಕೂತಿತು. ಆ ಫೋಟೋವನ್ನು ಗುಂಪಿಗೆ ಮೊದಲು ಹಾಕಿದವನು ದಿನೇಶ್. ಅದರಲ್ಲಿ ಅವನ ಶರಟಿನ ಮಣ್ಣು ಸ್ಪಷ್ಟವಾಗಿ ಕಾಣುತ್ತಿತ್ತು.

ಗೆದ್ದ ಮೇಲೆ ನಾರಾಯಣಮ್ಮ ಪಟ್ಟಿಯ ಯಜಮಾನಿಕೆಯನ್ನು ಎರಡು ದಿನ ಮನಸಾರೆ ಅನುಭವಿಸಿ, ಮೂರನೇ ದಿನ ಎಲ್ಲರನ್ನೂ ಕರೆದರು. “ಸೊಪ್ಪಿಗೆ ನಿನ್ನ ಹನಿ ಸಾಲ್ದು. ಬದನೆ, ಮೆಣಸಿನಕಾಯಿ ಸಾಲಿಗೆ ಪೈಪ್ ಎಳಿಯಪ್ಪ” ಎಂದು ಮಹಾಂತೇಶರಿಗೆ ಹೇಳಿದರು. ಶ್ರೀದೇವಿಯ ತೊಟ್ಟಿಗೆ ಮಳೆ ನೀರು ಬಿಟ್ಟು, ಮೇಲೆ ಮುಚ್ಚಳ ಹಾಕಿಸಿದರು. ಗಾಜಿನ ಮನೆಯ ಶೀಟು ಬಿಚ್ಚಿಸಿ, ಉಳಿದ ಚೌಕಟ್ಟಿಗೆ ಹಸಿರು ನೆರಳು ಬಲೆ ಹೊದಿಸಿ, “ಈಗ ಬೇಸಿಗೆ ಕೊತ್ತಂಬರಿಗೆ ಹೇಳಿ ಮಾಡ್ಸಿದ ಹಾಗಿದೆ. ಹಾಲೆಂಡೋರು ಬಿಸಿಲು ಹಿಡ್ಯೋಕೆ ಕಟ್ಟಿದ್ರು, ನಾವು ಬಿಸಿಲು ತಡ್ಯೋಕೆ ಇಟ್ಕೊಳ್ಳೋಣ” ಎಂದು ಪರಮಶಿವಯ್ಯನವರಿಗೆ ಹೇಳಿದರು. ಪರಮಶಿವಯ್ಯ ಅದನ್ನು ಬರೆದುಕೊಂಡರು.

ಬರೆದುಕೊಂಡದ್ದು ಯಾಕೆಂದು ಮುಂದಿನ ತಿಂಗಳು ತಿಳಿಯಿತು. ಬಿ.ಟಿ.ಎಂ. ಲೇಔಟಿನ ಒಂದು ಅಪಾರ್ಟ್‌ಮೆಂಟಿನವರು ಅವರನ್ನು ಉಪನ್ಯಾಸಕ್ಕೆ ಕರೆದಿದ್ದರು. ನಾರಾಯಣಮ್ಮನನ್ನೂ ಕಾರಿನಲ್ಲಿ ಕರೆದೊಯ್ದರು. ಪರದೆಯ ಮೇಲೆ ಹಾಲೆಂಡ್ ಬಂತು, ಸ್ಪೇನ್ ಬಂತು, ಇಸ್ರೇಲ್, ಬರ್ಮಾ, ಪ್ಯಾರಿಸ್ಸು ಬಂದವು. ಕೊನೆಗೆ ಹಿಂದಿನ ದಿನವಷ್ಟೇ ತೆಗೆದ ಫೋಟೋ: ಎಂಟು ಪಾತಿಗಳು, ಎಂಟು ಎತ್ತರ, ನಡುವೆ ಮತ್ತೆ ಪೇಟ ತೊಟ್ಟ ಹೆಂಗಸು.

“ಆರನೆಯದು,” ಅಂದರು ಪರಮಶಿವಯ್ಯ, ಗಂಟಲು ಸರಿಮಾಡಿಕೊಂಡು, “ಉತ್ತರಹಳ್ಳಿ ಪದ್ಧತಿ. ನಾನು ಕಣ್ಣಾರೆ ನೋಡಿದ್ದೀನಿ.”

“ಇದನ್ನ ಮಾತ್ರ ನೋಡಿದ್ದಾರೆ,” ಅಂದರು ಸರ್ವಮಂಗಳಾ ಮೊದಲ ಸಾಲಿನಿಂದ. “ಎಚ್ಚರವಾಗೇ ಇದ್ರು.”

ಅವರ ಪಕ್ಕದಲ್ಲಿ ಕೂತಿದ್ದ ನಾರಾಯಣಮ್ಮ ಪರದೆಯ ಮೇಲಿನ ತಮ್ಮ ಪಾತಿಗಳನ್ನು ಒಂದೊಂದಾಗಿ ನೋಡಿದರು. ನಾಲ್ಕನೆಯದರಲ್ಲಿ ಕಳೆ ಕಾಣಿಸಿತು. ಮನೆಗೆ ಹೋದ ಕೂಡಲೇ ಕೀಳಬೇಕೆಂದುಕೊಂಡು ಕೈಗಡಿಯಾರ ನೋಡಿಕೊಂಡರು. ನಾಳೆ ಏಳನೇ ಪಾತಿಯ ಸರದಿ.